ಬರೆ

ಆಗಸ್ಟ್ 3, 2024. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಘಾಟಿ ರಸ್ತೆಯ ಪಕ್ಕದ ಒಂದು ಊರು. ಆಟಿ ತಿಂಗಳ ಮಳೆ ಬೆಳಿಗ್ಗೆಯಿಂದ ಬಿಟ್ಟಿಲ್ಲ. ನಿವೃತ್ತ ಹೈಸ್ಕೂಲು ಮೇಷ್ಟ್ರ ಮನೆಗೆ ಅವರ ಹಳೆಯ ಶಿಷ್ಯೆಯೊಬ್ಬಳು ಸ್ಟೀಲಿನ ಡಬ್ಬಿ ಹಿಡಿದು ಬಂದಿದ್ದಾಳೆ.

ಮೇಷ್ಟ್ರು: ಒಳಗೆ ಬಾ ಮಾರಾಯ್ತಿ. ಕೊಡೆ ಜಗಲಿಯಲ್ಲೇ ಬಿಡಿಸಿಡು. ಮೈಸೂರಿನಿಂದ ಈಗ ಬಂದೆಯಾ?

ಶಿಷ್ಯೆ: ಮೊನ್ನೆಯೇ ಬಂದೆ ಸರ್. ಅಮ್ಮನ ಹತ್ತಿರ ಇದ್ದೆ. ಇದು ತಗೊಳ್ಳಿ, ಇನ್ನೂ ಬಿಸಿ ಇದೆ.

ಮೇಷ್ಟ್ರು: ಓಹೋ, ಆಟಿ ಪಾಯಸ! ಇವತ್ತು ಹದಿನೆಂಟಲ್ಲವಾ, ಮರೆತೇಬಿಟ್ಟಿದ್ದೆ. ಈ ಬಣ್ಣ ನೋಡು, ನೇರಳೆ ಹಣ್ಣು ಹಿಂಡಿದ ಹಾಗೆ. ನಾನು ಘಟ್ಟದ ಕೆಳಗಿನವನು, ಇಲ್ಲಿಗೆ ಬಂದ ಮೊದಲ ವರ್ಷ ಯಾರೋ ಮದ್ದು ಸೊಪ್ಪಿನ ಪಾಯಸ ತಿನ್ನಿಸಿದರು. ಮರುದಿನ ಬೆಳಿಗ್ಗೆ ಮೂತ್ರದ ಬಣ್ಣ ನೋಡಿ ಡಾಕ್ಟರ ಹತ್ತಿರ ಓಡಿದ್ದೆ. ಡಾಕ್ಟರೂ ಇದೇ ಊರಿನವರು. ನಕ್ಕು, ತಮ್ಮ ಮನೆಯಿಂದ ಇನ್ನೊಂದು ಲೋಟ ತರಿಸಿಕೊಟ್ಟರು.

ಶಿಷ್ಯೆ: ಕ್ಲಾಸಿನಲ್ಲಿ ಪ್ರತಿ ವರ್ಷ ಹೇಳುತ್ತಿದ್ದಿರಿ. ಹದಿನೆಂಟನೆಯ ದಿನ ಹದಿನೆಂಟು ಔಷಧ ಆ ಸೊಪ್ಪಿಗೆ ಬಂದು ಸೇರುತ್ತದೆ ಅನ್ನುವುದು ಸಸ್ಯಶಾಸ್ತ್ರ ಅಲ್ಲ, ಆದರೆ ಆ ಲೆಕ್ಕ ಯಾರೂ ತಪ್ಪಿಸುವುದಿಲ್ಲ ಅಂತ.

ಮೇಷ್ಟ್ರು: ಕೂತುಕೋ. ಮುಖ ನೋಡಿದರೆ ಪಾಯಸ ಕೊಡಲಿಕ್ಕೆ ಮಾತ್ರ ಬಂದ ಹಾಗಿಲ್ಲ.

ಶಿಷ್ಯೆ: ಒಂದು ಪೇಚಿಗೆ ಸಿಕ್ಕಿಹಾಕಿಕೊಂಡಿದ್ದೇನೆ. ಮೈಸೂರಿನಲ್ಲಿ ನಮ್ಮ ಬಡಾವಣೆಯಲ್ಲಿ ಒಂದು ಸತ್ಸಂಗ ನಡೆಯುತ್ತದೆ. ಒಳ್ಳೆಯ ಜನ. ಮಂಗಳವಾರ ವಯನಾಡಿನ ಭೂಕುಸಿತದ ಸುದ್ದಿ ಬಂತಲ್ಲ, ಮುಂಡಕ್ಕೈ, ಚೂರಲ್‌ಮಲ. ಅದನ್ನು ಟಿವಿಯಲ್ಲಿ ನೋಡಿದ ಮೇಲೆ ಅವರಿಗೆ ನನ್ನ ನೆನಪಾಯಿತು. 'ನೀನೂ ಅಂಥದ್ದನ್ನು ಅನುಭವಿಸಿದವಳಲ್ಲವಾ, ಬರುವ ಭಾನುವಾರ ಒಂದು ಹದಿನೈದು ನಿಮಿಷ ಮಾತಾಡು' ಅಂದರು. ವಿಷಯವನ್ನೂ ಕೊಟ್ಟಿದ್ದಾರೆ: 'ಬದುಕಿನ ಬಿರುಗಾಳಿ ಕಲಿಸುವ ಅಧ್ಯಾತ್ಮ.'

ಮೇಷ್ಟ್ರು: ಬಿರುಗಾಳಿಯಾ? ನಮ್ಮಲ್ಲಿ ಬಂದದ್ದು ಗುಡ್ಡ.

ಶಿಷ್ಯೆ: ಅದನ್ನು ಹೇಳಿದೆ. 'ಅದೆಲ್ಲ ಒಂದೇ ಅಮ್ಮಾ, ಸಾಂಕೇತಿಕ' ಅಂದರು.

ಮೇಷ್ಟ್ರು: ಒಪ್ಪಿಕೊಂಡೆಯಾ?

ಶಿಷ್ಯೆ: ಬೇಡ ಅನ್ನಲಿಕ್ಕೆ ಬಾಯಿ ಬರಲಿಲ್ಲ. ಎರಡು ರಾತ್ರಿ ಪೆನ್ನು ಹಿಡಿದು ಕೂತೆ. 'ಬರೆ' ಅಂತ ಒಂದು ಶಬ್ದ ಬರೆದೆ, ಅಲ್ಲಿಗೇ ನಿಂತಿತು. ನಮ್ಮ ಮನೆ ಹಿಂದಿನ ಬರೆ ಕುಸಿಯಿತು ಅಂತ ಶುರು ಮಾಡಬೇಕು ಅಂದುಕೊಂಡಿದ್ದೆ. ಮೈಸೂರಿನವರಿಗೆ ಬರೆ ಅಂದರೆ ಏನು ಗೊತ್ತು? ಕಾಯಿಸಿ ಎಳೆಯುವ ಬರೆ ಅಂದುಕೊಳ್ಳುತ್ತಾರೆ.

ಮೇಷ್ಟ್ರು: ನನಗೆ ಮೂವತ್ತು ವರ್ಷ ಬರೆ ಅಂದರೆ ಒಂದೇ ಅರ್ಥ. ಕಾಪಿ ಬರೆ, ಉಕ್ತಲೇಖನ ಬರೆ, ತಪ್ಪಿದ್ದನ್ನು ಹತ್ತು ಸಲ ಬರೆ. ಮಣ್ಣಿನ ಗೋಡೆಗೂ ಅದೇ ಹೆಸರು ಅಂತ ಈ ಊರಿಗೆ ಬಂದ ಮೇಲೆ ಕಲಿತದ್ದು. ಆದರೆ ನನ್ನ ಹತ್ತಿರ ಯಾಕೆ ಬಂದೆ?

ಶಿಷ್ಯೆ: ನೀವು ಭಗವದ್ಗೀತೆಯ ಮೇಲೆ ಊರೂರಿಗೆ ಹೋಗಿ ಉಪನ್ಯಾಸ ಕೊಟ್ಟವರು. ಮತ್ತೆ... ಕ್ಯಾಂಪಿನಲ್ಲಿ ಅಮ್ಮನಿಗೆ ಒಂದು ಮಾತು ಹೇಳಿದವರು.

ಮೇಷ್ಟ್ರು: ಆರು ವರ್ಷದಿಂದ ಇದು ಯಾವಾಗ ಬರುತ್ತದೋ ಅಂತ ಕಾಯುತ್ತಿದ್ದೆ. ಮೊದಲು ನೀನು ಹೇಳು. ಆ ರಾತ್ರಿಯದ್ದು ನಾನು ನಿನ್ನ ಬಾಯಿಂದ ಕೇಳಿಯೇ ಇಲ್ಲ. ಊರವರು ಹೇಳಿದ್ದು ಗೊತ್ತು.

ಶಿಷ್ಯೆ: ಆಗಸ್ಟ್ ಹದಿನೈದಕ್ಕೆ ರಜೆ ಅಂತ ಊರಿಗೆ ಬಂದವಳು ವಾಪಸ್ ಹೋಗಲಿಕ್ಕಾಗಲಿಲ್ಲ. ಹದಿನಾರರ ರಾತ್ರಿ ಕರೆಂಟಿಲ್ಲ, ಫೋನಿಲ್ಲ. ಮಳೆಯ ಸದ್ದು ನಮಗೆ ಹೊಸತಲ್ಲ, ಮಳೆಗಾಲ ಬಂದರೆ ತಿಂಗಳುಗಟ್ಟಲೆ ಅದರ ಜತೆಗೇ ಮಲಗುವವರು. ಬೆಳಗಿನ ಜಾವ ಅಮ್ಮ ಎದ್ದು ಕೂತಳು. 'ತೋಡಿನ ಸದ್ದು ಕೇಳುತ್ತಿಲ್ಲ' ಅಂದಳು. ಅಷ್ಟು ಮಳೆಯಲ್ಲಿ ತೋಡು ಹರಿಯುವುದು ನಿಂತಿತ್ತು ಸರ್.

ಮೇಷ್ಟ್ರು: ಮೇಲೆ ಎಲ್ಲೋ ಮಣ್ಣು ಜಾರಿ ಅಡ್ಡ ಕಟ್ಟಿದೆ ಅಂತ ಅರ್ಥ. ಆ ಕಟ್ಟೆ ಒಡೆಯುವವರೆಗೆ ಮಾತ್ರ ಸಮಯ.

ಶಿಷ್ಯೆ: ಈಗ ಗೊತ್ತು. ಅವತ್ತು ಅಮ್ಮನಿಗೆ ಗೊತ್ತಿದ್ದದ್ದು ಇಷ್ಟೇ, ಕೇಳಬೇಕಾದದ್ದು ಕೇಳುತ್ತಿಲ್ಲ. ಎಲ್ಲರನ್ನೂ ಎಬ್ಬಿಸಿದಳು. ಅಜ್ಜಿಯನ್ನು ನಾನೂ ಅಪ್ಪನೂ ಎತ್ತಿಕೊಂಡೆವು. ರೇಷನ್ ಕಾರ್ಡು ತರಲಿಕ್ಕೆ ಒಳಗೆ ಹೋದ ಅಪ್ಪ ಹಿಂದಿನ ವರ್ಷದ ಕ್ಯಾಲೆಂಡರ್ ಹಿಡಿದುಕೊಂಡು ಬಂದಿದ್ದರು. ರಸ್ತೆಗೆ ಹತ್ತಿದ ಮೇಲೆ ಅಮ್ಮ ಚಿಕ್ಕಪ್ಪನಿಗೆ ಹೇಳಿದಳು, 'ಹಸುವಿನ ಹಗ್ಗ ಬಿಚ್ಚಿ ಬಾ' ಅಂತ. ಚಿಕ್ಕಪ್ಪ ಇಳಿದು ಹೋದರು. ಹೆಲಿಕಾಪ್ಟರ್ ತಲೆಯ ಮೇಲೇ ಬಂದ ಹಾಗೆ ಸದ್ದಾಯಿತು. ಕಾಫಿ ಗಿಡಗಳು ನಿಂತ ಹಾಗೇ, ಸಾಲು ಕೆಡದೆ, ಕೆಳಗೆ ಜಾರಿಹೋದವು.

ಮೇಷ್ಟ್ರು: ಹಸು?

ಶಿಷ್ಯೆ: ಬಂತು. ಕುತ್ತಿಗೆಯಲ್ಲಿ ಹಗ್ಗ ಇರಲಿಲ್ಲ. ಬಿಚ್ಚಿದ್ದರು ಅಂತ ಲೆಕ್ಕ. ಚಿಕ್ಕಪ್ಪ ಸಿಕ್ಕಿದ್ದು ಹತ್ತು ದಿನದ ಮೇಲೆ.

ಮೇಷ್ಟ್ರು: ಹದಿನೇಳನೇ ತಾರೀಕು ದಿಲ್ಲಿಯಲ್ಲಿ ವಾಜಪೇಯಿಯವರ ಅಂತ್ಯಯಾತ್ರೆ. ದೇಶದ ಟಿವಿಯೆಲ್ಲ ಅಲ್ಲಿತ್ತು. ಜೋಡುಪಾಲ, ಮಕ್ಕಂದೂರು, ಹಟ್ಟಿಹೊಳೆ, ಮುಕ್ಕೋಡ್ಲು, ಒಂದೊಂದೇ ಹೆಸರು ನಮಗೆ ಬಂದು ಮುಟ್ಟಿದ್ದು ಬಾಯಿಯಿಂದ ಬಾಯಿಗೆ, ಘಾಟಿಯಲ್ಲಿ ನಡೆದು ಬಂದವರಿಂದ. ಸೇನೆಯವರು ಹಗ್ಗ ಕಟ್ಟಿ ಜನರನ್ನು ದಾಟಿಸಿದರು. ಮೂರನೆಯ ದಿನ ನಾನು ಕ್ಯಾಂಪಿಗೆ ಬಂದೆ. ನಿನ್ನ ಅಮ್ಮ ಗೋಡೆಗೆ ಒರಗಿ ಕೂತಿದ್ದರು. ನನ್ನ ಕೈಯಲ್ಲಿ ಎರಡು ಡಜನ್ ಬಾಳೆಹಣ್ಣು. ಹಣ್ಣು ಕೊಟ್ಟು ಸುಮ್ಮನೆ ಬಂದಿದ್ದರೆ ಆಗುತ್ತಿತ್ತು.

ಶಿಷ್ಯೆ: 'ದೇವರು ಏನು ಮಾಡಿದರೂ ಅದರಲ್ಲಿ ಒಂದು ಒಳ್ಳೆಯ ಉದ್ದೇಶ ಇರುತ್ತದೆ, ಈಗ ನಮಗೆ ಕಾಣುವುದಿಲ್ಲ ಅಷ್ಟೆ.' ಅಕ್ಷರ ಬಿಡದೆ ನೆನಪಿದೆ.

ಮೇಷ್ಟ್ರು: ಅವರು ನನ್ನನ್ನು ಒಮ್ಮೆ ನೋಡಿದರು. ಆಮೇಲೆ ಇವತ್ತಿನವರೆಗೆ ಮಾತಾಡಿಲ್ಲ. ಸಂತೆಯಲ್ಲಿ ಎದುರಾದರೆ ದಾರಿ ಬಿಟ್ಟು ನಿಲ್ಲುತ್ತಾರೆ, ದೊಡ್ಡವರಿಗೆ ಬಿಡುವ ಹಾಗೆ. ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತದೆ.

ಶಿಷ್ಯೆ: ನೀವು ಒಬ್ಬರೇ ಅಲ್ಲ ಸರ್. ಬಂದವರೆಲ್ಲ ಏನಾದರೂ ಬುದ್ಧಿ ಹೇಳದೆ ಹೋಗಲಿಲ್ಲ. ಬುದ್ಧನ ಸಾಸಿವೆ ಕಥೆಯನ್ನು ಒಂದೇ ದಿನ ಮೂರು ಜನ ಹೇಳಿದರು, ಸಾವಿಲ್ಲದ ಮನೆಯಿಂದ ಸಾಸಿವೆ ತಾ ಅಂತ. ಮೂರನೆಯವರು ಹೋದ ಮೇಲೆ ಅಮ್ಮ ನನಗೆ ಮೆಲ್ಲಗೆ ಹೇಳಿದಳು, 'ನಮ್ಮ ಸಾಸಿವೆ ಡಬ್ಬಿಯೂ ಹೋಗಿದೆ ಅಲ್ಲವಾ.' ಆ ಹತ್ತು ದಿನದಲ್ಲಿ ನಾವಿಬ್ಬರೂ ನಕ್ಕದ್ದು ಅದೊಂದು ಸಲ.

ಮೇಷ್ಟ್ರು: ಬುದ್ಧ ಆ ಹೆಂಗಸಿಗೆ ಕಥೆ ಹೇಳಲಿಲ್ಲವಲ್ಲ. ಮನೆಮನೆಗೆ ನಡೆಸಿದ. ನಾವು ಕೂತಲ್ಲೇ ಕೂರಿಸಿ ಕಥೆ ಹೇಳಿಬಿಡುತ್ತೇವೆ, ನಡೆಯುವ ಕಷ್ಟವನ್ನೂ ಉಳಿಸಿ.

ಶಿಷ್ಯೆ: ಆದರೆ ನೀವು ಯಾಕೆ ಹಾಗೆ ಹೇಳಿದಿರಿ? ಬೇರೆಯವರದ್ದು ಬಿಡಿ, ಅವರು ಎಲ್ಲಿಂದಲೋ ಬಂದವರು. ಹಗ್ಗ ಬಿಚ್ಚಿ ಬಾ ಅಂತ ಚಿಕ್ಕಪ್ಪನನ್ನು ಕಳಿಸಿದ್ದೇ ಅಮ್ಮ. ಅದರಲ್ಲಿ ಒಳ್ಳೆಯ ಉದ್ದೇಶ ಇದೆ ಅಂದರೆ ಅವಳು ಏನು ತಿಳಿದುಕೊಳ್ಳಬೇಕು?

ಮೇಷ್ಟ್ರು: ಹಗ್ಗದ ವಿಷಯ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಹೇಳುತ್ತಿದ್ದೆನೋ ಏನೋ, ಪ್ರಾಮಾಣಿಕವಾಗಿ ಹೇಳುತ್ತೇನೆ. ಈ ಮನೆಯಿಂದ ನಿಮ್ಮ ಮನೆಗೆ ಒಂದೂವರೆ ಕಿಲೋಮೀಟರ್. ಅದೇ ಮಳೆ, ಅದೇ ಗುಡ್ಡ. ನನ್ನ ಒಂದು ಹೆಂಚೂ ಜಾರಲಿಲ್ಲ. ಮೂರು ರಾತ್ರಿ ನಿದ್ದೆ ಬರಲಿಲ್ಲ ನನಗೆ, ನಾನು ಯಾಕೆ ಉಳಿದೆ ಅಂತ. ಉಳಿದದ್ದಕ್ಕೆ ಒಂದು ಕಾರಣ ಬೇಕಾಗಿತ್ತು. ನಿಮಗೆ ಆದದ್ದಕ್ಕೆ ಒಂದು ಅರ್ಥ ಇದೆ ಅಂತಾದರೆ ನಾನು ಉಳಿದದ್ದಕ್ಕೂ ಒಂದು ಅರ್ಥ ಸಿಗುತ್ತದೆ, ಮುಂದಿನ ಮಳೆಗೆ ನನ್ನ ಸರದಿ ಅಲ್ಲ ಅಂತ ಧೈರ್ಯ ಬರುತ್ತದೆ. ಆ ಮಾತನ್ನು ನಾನು ನನಗೇ ಹೇಳಿಕೊಂಡದ್ದು. ಬಾಯಿ ಮಾತ್ರ ನಿನ್ನ ಅಮ್ಮನ ಕಡೆಗಿತ್ತು.

ಶಿಷ್ಯೆ: ಗೀತೆ ಓದಿದವರೂ ಹೀಗೆಯಾ?

ಮೇಷ್ಟ್ರು: ಗೀತೆಯನ್ನು ಕೃಷ್ಣ ಹೇಳಿದ್ದು ಯುದ್ಧಕ್ಕೆ ಮೊದಲು, ಬಿಲ್ಲು ಕೆಳಗಿಟ್ಟವನಿಗೆ. ಅವನು ಕೇಳಿದ್ದಕ್ಕೆ. ಯುದ್ಧ ಮುಗಿದ ಮೇಲೆ ಸ್ತ್ರೀಪರ್ವದಲ್ಲಿ ಗಾಂಧಾರಿಯ ಮುಂದೆ ಅದೇ ಕೃಷ್ಣ ನಿಂತಿದ್ದಾನೆ, ನೂರು ಹೆಣಗಳ ನಡುವೆ. ಅವಳು ಶಪಿಸಿದಳು. ಇವನು ಒಪ್ಪಿಕೊಂಡ.

ಶಿಷ್ಯೆ: ಒಪ್ಪಿಕೊಂಡು ಸುಮ್ಮನಿದ್ದನಾ? ನೀವೇ ಪಾಠ ಮಾಡಿದ್ದು ಸರ್. ಏಳು, ಅಳಬೇಡ, ಇದೆಲ್ಲ ನಿನ್ನದೇ ತಪ್ಪಿನಿಂದ ಆದದ್ದು, ಮಗನನ್ನು ತಡೆಯಲಿಲ್ಲ ಅನ್ನುವ ಅರ್ಥದಲ್ಲಿ ಬುದ್ಧಿ ಹೇಳುತ್ತಾನೆ.

ಮೇಷ್ಟ್ರು: ಹೇಳುತ್ತಾನೆ. ಆ ಭಾಗವನ್ನು ಉಪನ್ಯಾಸಗಳಲ್ಲಿ ನಾವು ಬಿಟ್ಟುಬಿಡುತ್ತೇವೆ. ಸರಿ, ಆಮೇಲೆ ಗಾಂಧಾರಿ ಏನು ಮಾಡಿದಳು?

ಶಿಷ್ಯೆ: ನೆನಪಿಲ್ಲ.

ಮೇಷ್ಟ್ರು: ಸುಮ್ಮನಾದಳು. ವ್ಯಾಸರು ಅಷ್ಟೇ ಬರೆದು ಮುಂದೆ ಹೋಗಿದ್ದಾರೆ. ಇಷ್ಟು ವರ್ಷ ಅದನ್ನು ಓದಿದವನು, ಅವಳಿಗೆ ಉತ್ತರ ತೋಚಲಿಲ್ಲ, ಒಪ್ಪಿಕೊಂಡಳು ಅಂತಲೇ ತಿಳಿದಿದ್ದೆ. ಸಂತೆಯಲ್ಲಿ ನಿನ್ನ ಅಮ್ಮ ದಾರಿ ಬಿಟ್ಟು ನಿಂತ ದಿನ ಆ ಮೌನ ಎಂಥದ್ದು ಅಂತ ಗೊತ್ತಾಯಿತು.

ಶಿಷ್ಯೆ: ಭಾನುವಾರ ಇದನ್ನೇ ಹೇಳಿಬಿಡಲಾ?

ಮೇಷ್ಟ್ರು: ನಿನ್ನ ಅಮ್ಮನನ್ನು ಕೇಳದೆ ಹೇಳಬೇಡ. ಬೇಕಾದರೆ ಗಾಂಧಿಯವರ ಕಥೆ ಹೇಳು. 1934ರ ಜನವರಿ 15ಕ್ಕೆ ಬಿಹಾರದಲ್ಲಿ ಭೂಕಂಪ ಆಯಿತು. ಮುಂಗೇರ್ ಪಟ್ಟಣ ನೆಲಸಮ. ಸಾವಿರಾರು ಜನ ಸತ್ತರು. ಗಾಂಧಿ ಆಗ ಅಸ್ಪೃಶ್ಯತೆಯ ವಿರುದ್ಧ ದೇಶ ಸುತ್ತುತ್ತಿದ್ದರು, ತಮಿಳುನಾಡಿನಲ್ಲಿದ್ದರು. ಇದು ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಅಂದುಬಿಟ್ಟರು.

ಶಿಷ್ಯೆ: ಗಾಂಧಿಯವರಾ?

ಮೇಷ್ಟ್ರು: ಅವರೇ. ರವೀಂದ್ರನಾಥ ಠಾಕೂರರಿಗೆ ತಡೆಯಲಾಗಲಿಲ್ಲ. ಪ್ರಕೃತಿಯ ಆಗುಹೋಗಿಗೆ ನೀತಿಯ ಲೆಕ್ಕ ಅಂಟಿಸಬೇಡಿ ಅಂತ ಬರೆದರು. ಅದಕ್ಕಿಂತ ಕಟುವಾದ ಇನ್ನೊಂದು ಪ್ರಶ್ನೆ ಅದರಲ್ಲಿತ್ತು: ತಪ್ಪು ಮಾಡಿದವರು ಎಲ್ಲೋ ದೂರದಲ್ಲಿ ಕ್ಷೇಮವಾಗಿದ್ದಾರೆ, ಅವರಿಗೆ ಬುದ್ಧಿ ಬರಲಿ ಅಂತ ಏನೂ ಅರಿಯದವರನ್ನು ಕೊಲ್ಲುವ ದೇವರು ಎಂಥವನು? ಗಾಂಧಿ ಆ ಪತ್ರವನ್ನು ತಮ್ಮದೇ 'ಹರಿಜನ' ಪತ್ರಿಕೆಯಲ್ಲಿ ಅಚ್ಚು ಹಾಕಿದರು. ಪಕ್ಕದಲ್ಲೇ ತಮ್ಮ ಉತ್ತರ. ಇದನ್ನು ಸಾಧಿಸಿ ತೋರಿಸಲಿಕ್ಕೆ ನನ್ನಿಂದಾಗದು, ನನ್ನ ನಂಬಿಕೆ ಅಷ್ಟೆ ಅಂತ. ಅದು ಅಚ್ಚಾದದ್ದು ಫೆಬ್ರವರಿ 16ಕ್ಕೆ. ಅದೇ ತಿಂಗಳು ಅವರು ಎಲ್ಲಿಗೆ ಬಂದರು ಗೊತ್ತಾ? ಇಲ್ಲಿಗೆ. ಕೊಡಗಿಗೆ.

ಶಿಷ್ಯೆ: ಗೌರಮ್ಮನ ಕಥೆ! ಗಾಂಧಿ ಮನೆಗೆ ಬರದಿದ್ದರೆ ಊಟ ಬಿಡುತ್ತೇನೆ ಅಂತ ಹಟ ಹಿಡಿದದ್ದು, ಅವರು ಬಂದ ಮೇಲೆ ಒಡವೆ ಬಿಚ್ಚಿ ಕೊಟ್ಟದ್ದು.

ಮೇಷ್ಟ್ರು: ಹರಿಜನ ನಿಧಿಗೆ. ಕನ್ನಡದಲ್ಲಿ ಅಂಥ ಕಥೆಗಳನ್ನು ಬರೆದ ಹೆಣ್ಣುಮಗಳು, ಐದು ವರ್ಷದ ಮೇಲೆ, 1939ರ ಏಪ್ರಿಲ್‌ನಲ್ಲಿ, ಈಜಲಿಕ್ಕೆ ಇಳಿದು ಮುಳುಗಿ ಸತ್ತರು. 27 ವರ್ಷ. ಅದರಲ್ಲಿ ಯಾವ ಪಾಠ ಇತ್ತು? ಈ ಹಾಳು ಅಭ್ಯಾಸ ನೋಡು, ಈಗಲೂ ನನ್ನ ಬಾಯಿಗೆ ಮೊದಲು ಬರುವುದು ಪಾಠ ಅನ್ನುವ ಶಬ್ದವೇ.

ಶಿಷ್ಯೆ: ಹಾಗಾದರೆ ಠಾಕೂರರದ್ದೇ ಸರಿ ಅಂತೀರಾ?

ಮೇಷ್ಟ್ರು: ಮಾತಿನಲ್ಲಿ ಅವರದೇ ಸರಿ, ಎಳ್ಳಷ್ಟೂ ಸಂಶಯ ಇಲ್ಲ. ಗಾಂಧಿಯ ಪರವಾಗಿ ಒಂದೇ ಹೇಳುತ್ತೇನೆ. ಅವರು 'ನಿಮ್ಮ ಪಾಪ' ಅನ್ನಲಿಲ್ಲ, 'ನಮ್ಮ ಪಾಪ' ಅಂದರು, ತಮ್ಮನ್ನೂ ಅದರೊಳಗೆ ಸೇರಿಸಿಕೊಂಡು. ಮತ್ತೆ ಮಾರ್ಚ್‌ನಲ್ಲಿ ಬಿಹಾರಕ್ಕೆ ಹೋಗಿ ಆ ಬಿದ್ದ ಊರುಗಳಲ್ಲಿ ಓಡಾಡಿದರು. ನಾನು ಎರಡು ಡಜನ್ ಬಾಳೆಹಣ್ಣು ಕೊಟ್ಟು ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದಿದ್ದೆ.

ಶಿಷ್ಯೆ: ಅಸ್ಪೃಶ್ಯತೆ ಅಂದಿರಲ್ಲ, ಒಂದು ಹೇಳಬೇಕು. ನಮ್ಮ ಅಜ್ಜಿ. ಬೇರೆಯವರ ಮನೆಯಲ್ಲಿ ನೀರೂ ಮುಟ್ಟದವಳು. ತೋಟದ ಕೆಲಸಕ್ಕೆ ಬರುತ್ತಿದ್ದ ಎರವರ ಹೆಂಗಸರಿಗೆ ಹಿತ್ತಿಲಲ್ಲಿ ಬೇರೆ ಲೋಟ, ಕವುಚಿ ಇಡುತ್ತಿದ್ದದ್ದು ನೀವೂ ನೋಡಿರಬಹುದು. ಕ್ಯಾಂಪಿನಲ್ಲಿ ಒಂದೇ ಒಲೆ. ಲೈನ್ ಮನೆಯವರು, ಎಸ್ಟೇಟಿನವರು, ಮಾಪಿಳ್ಳೆಯರು, ನಾವು, ಎಲ್ಲರೂ ಒಂದೇ ಸಾಲಿನಲ್ಲಿ ಚಾಪೆ. ಎರಡನೆಯ ದಿನ ಅಜ್ಜಿಗೆ ಜ್ವರ ಬಂತು. ಗಂಜಿ ಕುಡಿಸಿದ್ದು, ರಾತ್ರಿಯಿಡೀ ಕಾಲು ಒತ್ತಿದ್ದು ಅದೇ ಹಿತ್ತಿಲ ಲೋಟದ ಹೆಂಗಸು. ಅಜ್ಜಿ ಅವಳ ಕೈ ಬಿಡಲೇ ಇಲ್ಲ. ಪೇಪರಿನವರು ಬಂದು ಫೋಟೋ ಹೊಡೆದರು.

ಮೇಷ್ಟ್ರು: ಸತ್ಸಂಗಕ್ಕೆ ಹೇಳಿ ಮಾಡಿಸಿದ ಹಾಗಿದೆ. ಹದಿನೈದು ನಿಮಿಷಕ್ಕೆ ಬೇರೆ ಏನು ಬೇಕು?

ಶಿಷ್ಯೆ: ಕಥೆ ಮುಗಿದಿಲ್ಲ. ಕ್ಯಾಂಪ್ ಮುಗಿಯಿತು, ಬಾಡಿಗೆ ಮನೆಗೆ ಹೋದೆವು. ಒಂದು ದಿನ ಆ ಹೆಂಗಸು ಅಜ್ಜಿಯನ್ನು ನೋಡಲಿಕ್ಕೆ ಬಂದಳು, ಕಾಡಿನ ಜೇನು ಹಿಡಿದುಕೊಂಡು. ಅಜ್ಜಿಗೆ ಖುಷಿಯೋ ಖುಷಿ. ಮಾತಾಡಿದರು, ಅತ್ತರು. ಅವಳು ಹೋದ ಮೇಲೆ ಅಡುಗೆ ಮನೆಗೆ ಹೋಗಿ ನೋಡುತ್ತೇನೆ, ಕಾಫಿ ಕುಡಿದ ಲೋಟವನ್ನು ಅಜ್ಜಿ ಕಿಟಕಿಯ ಹೊರಗೆ ಕವುಚಿ ಇಟ್ಟಿದ್ದಾಳೆ. ಮನೆ ಹೋಗಿದೆ, ಮಗ ಹೋಗಿದ್ದಾನೆ, ಪಾತ್ರೆ ಎಲ್ಲ ಯಾರೋ ದಾನ ಕೊಟ್ಟದ್ದು. ಅದರಲ್ಲೂ ಒಂದು ಲೋಟ ಬೇರೆ.

ಮೇಷ್ಟ್ರು: ...

ಶಿಷ್ಯೆ: ಇದನ್ನು ಎಲ್ಲಿ ಹೇಳಲಿ ಸರ್? ಫೋಟೋದ ತನಕ ಹೇಳಿ ನಿಲ್ಲಿಸಿದರೆ ಎಲ್ಲರ ಕಣ್ಣಲ್ಲೂ ನೀರು. ಅದು ಸುಳ್ಳು ಅಂತಲೂ ಅಲ್ಲ, ಅಜ್ಜಿ ನಿಜವಾಗಿಯೇ ಕೈ ಹಿಡಿದಿದ್ದಳು. ಲೋಟದ ತನಕ ಹೇಳಿದರೆ ಸತ್ತ ಅಜ್ಜಿಯ ಮಾನ ತೆಗೆದ ಹಾಗೆ.

ಮೇಷ್ಟ್ರು: ಗುಡ್ಡ ಕುಸಿದು ಜನ ಬದಲಾಗುವುದಿದ್ದರೆ ಈ ಘಾಟಿಯಲ್ಲಿ ಇಷ್ಟು ಹೊತ್ತಿಗೆ ಋಷಿಗಳೇ ಇರಬೇಕಿತ್ತು. ನನ್ನ ಮನೆ ಹಿಂದೆ ಬಂದು ನೋಡು. ಕಾರು ನಿಲ್ಲಿಸಲಿಕ್ಕೆ ಜಾಗ ಬೇಕು ಅಂತ 2015ರಲ್ಲಿ ಜೆಸಿಬಿ ತರಿಸಿ ಬರೆಯನ್ನು ನೆಟ್ಟಗೆ ಕಡಿಸಿದವನು ನಾನು. ಎರಡಾಳು ಎತ್ತರ. ನಿಮ್ಮ ಮನೆ ಹೋದ ಮೇಲೂ ಎರಡು ವರ್ಷ ಅದನ್ನು ಹಾಗೇ ಬಿಟ್ಟಿದ್ದೆ. ಗೀತೆಯ ಉಪನ್ಯಾಸ ಮಾತ್ರ ನಡೆಯುತ್ತಿತ್ತು.

ಶಿಷ್ಯೆ: ಭೂವೈಜ್ಞಾನಿಕ ಸರ್ವೇಕ್ಷಣೆಯವರು ಹೇಳಿದ್ದೂ ಇದನ್ನೇ ಅಲ್ಲವಾ? ಅಪ್ಪ ಪೇಪರ್ ಕತ್ತರಿಸಿ ಇಟ್ಟಿದ್ದರು.

ಮೇಷ್ಟ್ರು: ಮಳೆ ಸುರಿದದ್ದು ನಿಜ, ಆದರೆ ಇಳಿಜಾರನ್ನು ಮನುಷ್ಯರು ಕಡಿದು ಬದಲಾಯಿಸಿದ್ದೇ ಮುಖ್ಯ ಅಂದರು. ಇದರಲ್ಲಿ ಗಹನವಾದದ್ದು ಏನೂ ಇಲ್ಲ. ನಮ್ಮ ಗುಡ್ಡದ ಮೇಲೆ ದಪ್ಪ ಮಣ್ಣಿನ ಹೊದಿಕೆ, ಕೆಳಗೆ ಬಂಡೆ. ವಾರಗಟ್ಟಲೆ ಸುರಿದ ನೀರು ಮಣ್ಣಿನೊಳಗೆ ತುಂಬಿ, ಕಣ ಕಣದ ನಡುವೆ ಒತ್ತಡ ಏರಿ ಹಿಡಿತ ಬಿಡುತ್ತದೆ. ಗುಡ್ಡದ ಪಾದವೇ ಅದರ ಆಧಾರ. ರಸ್ತೆಗೆ, ಮನೆಗೆ, ಹೋಂಸ್ಟೇಗೆ ಅಂತ ನಾವು ಕತ್ತರಿಸುವುದು ಆ ಪಾದವನ್ನೇ. ಜನ ಜಲಸ್ಫೋಟ ಅಂದರು. 2018ರ ಜುಲೈ 9ಕ್ಕೆ ನೆಲ ಸಣ್ಣಗೆ ನಡುಗಿತ್ತಲ್ಲ, ಅದನ್ನು ಕಾವೇರಮ್ಮನ ಮುನಿಸು ಅಂದರು. ಹೋದ ತಿಂಗಳು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಜಾರಿ ಚಹಾದಂಗಡಿಯನ್ನು ಗಂಗಾವಳಿಗೆ ತಳ್ಳಿತು. ಅದಕ್ಕೂ ಯಾರೋ ಒಬ್ಬ ದೈವದ ಕೋಪ ಅಂದಿರುತ್ತಾನೆ. ದೈವಕ್ಕೆ ಹೊರಿಸಿದರೆ ಜೆಸಿಬಿಯವನ ಬಾಡಿಗೆ ರಸೀದಿ ಯಾರೂ ಕೇಳುವುದಿಲ್ಲ.

ಶಿಷ್ಯೆ: ಈಗ ಆ ಬರೆ?

ಮೇಷ್ಟ್ರು: ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದ್ದೇನೆ. ಕಲ್ಲಿನ ತಡೆಗೋಡೆ, ನೀರು ಬಸಿಯಲಿಕ್ಕೆ ನಡುನಡುವೆ ಪೈಪು. ಮಳೆಗಾಲಕ್ಕೆ ಮೊದಲು ನಾನೇ ಕಡ್ಡಿ ಹಾಕಿ ಪೈಪಿನ ಕಸ ತೆಗೆಯುತ್ತೇನೆ. ಮಾಡಿಸಿದ್ದು 2020ರ ಆಗಸ್ಟ್ ಆದ ಮೇಲೆ. ಅದೂ ಹೆದರಿ.

ಶಿಷ್ಯೆ: ತಲಕಾವೇರಿ.

ಮೇಷ್ಟ್ರು: ಹೌದು. ಬ್ರಹ್ಮಗಿರಿ ಜಾರಿ ಬಿದ್ದದ್ದು ಅರ್ಚಕರ ಮನೆಯ ಮೇಲೆ. ಐದು ಜನ. ವರ್ಷಕ್ಕೊಂದು ಸಲ ತುಲಾ ಸಂಕ್ರಮಣಕ್ಕೆ ಕುಂಡಿಕೆಯಲ್ಲಿ ತೀರ್ಥ ಉಕ್ಕುವಾಗ ಊರಿಗೆ ಊರೇ ಹೋಗಿ ಕೈಮುಗಿದು ನಿಲ್ಲುತ್ತದೆ. ಆ ಪೂಜೆಯನ್ನು ತಲೆಯ ಮೇಲೆ ಹೊತ್ತ ಮನೆ ಅದು. ಅವರಿಗಿಂತ ಹತ್ತಿರ ಕಾವೇರಿಗೆ ಬೇರೆ ಯಾರಿದ್ದರು? ಆ ಸುದ್ದಿ ಕೇಳಿ ನಾನು ಜಗಲಿಯಲ್ಲಿ ಕೂತುಬಿಟ್ಟೆ. ಕ್ಯಾಂಪಿನಲ್ಲಿ ನಾನು ಹೇಳಿದ ಮಾತನ್ನು ಆ ಮಣ್ಣಿನ ಮುಂದೆ ನಿಂತು ಹೇಳಬಲ್ಲೆಯಾ ಅಂತ ನನ್ನನ್ನೇ ಕೇಳಿಕೊಂಡೆ. ಉಪನ್ಯಾಸ ಅವತ್ತಿಗೆ ನಿಲ್ಲಿಸಿದೆ. ಕೊರೊನಾದಿಂದ ನಿಲ್ಲಿಸಿದೆ ಅಂತ ಜನ ತಿಳಿದರು, ನಾನೂ ತಿದ್ದಲಿಕ್ಕೆ ಹೋಗಲಿಲ್ಲ.

ಶಿಷ್ಯೆ: ದೇವರ ಮೇಲಿನ ನಂಬಿಕೆ ಹೋಯಿತಾ?

ಮೇಷ್ಟ್ರು: ಇಲ್ಲ. ಸಂಜೆ ದೀಪ ಹಚ್ಚುತ್ತೇನೆ, ಅಕ್ಟೋಬರ್‌ನಲ್ಲಿ ತೀರ್ಥಕ್ಕೆ ಹೋಗುತ್ತೇನೆ. ದೇವರ ಪರವಾಗಿ ವಕಾಲತ್ತು ಮಾಡುವುದನ್ನು ಬಿಟ್ಟಿದ್ದೇನೆ. ಅದು ಬಿಟ್ಟ ಮೇಲೆ ಪೂಜೆಗೆ ಕೂತಾಗ ಬಾಯಿ ಸ್ವಲ್ಪ ಹಗುರ ಅನ್ನಿಸುತ್ತದೆ. ಇಷ್ಟೇ ನನ್ನ ಅಧ್ಯಾತ್ಮ, ಇದನ್ನು ಹದಿನೈದು ನಿಮಿಷಕ್ಕೆ ಎಳೆಯಲಿಕ್ಕೆ ಬರುವುದಿಲ್ಲ. ಅದಿರಲಿ, ಅಮ್ಮ ಹೇಗಿದ್ದಾರೆ?

ಶಿಷ್ಯೆ: ಸರ್ಕಾರ ಕೊಟ್ಟ ಮನೆ. ಸಾಲು ಮನೆಗಳು, ಒಂದರ ಉಸಿರು ಇನ್ನೊಂದಕ್ಕೆ ಕೇಳುತ್ತದೆ. ಮೊದಲು ಅದಕ್ಕೇ ಬೈಯುತ್ತಿದ್ದಳು. ಪೇಂಟ್ ಬಕೆಟ್ಟಿನಲ್ಲಿ ಎರಡು ಕಾಫಿ ಗಿಡ ಇಟ್ಟಿದ್ದಾಳೆ. ಪಹಣಿಯಲ್ಲಿ ಈಗಲೂ ನಮಗೆ ಎರಡೂವರೆ ಎಕರೆ ತೋಟ ಇದೆ. ಅದರ ಮಣ್ಣು ಮಾತ್ರ ಪಯಸ್ವಿನಿ ಹೊಳೆಯಲ್ಲಿ ಇಳಿದು ಎಂದೋ ಸಮುದ್ರ ಸೇರಿದೆ. ಮಳೆ ಜೋರಾದ ರಾತ್ರಿ ಅಮ್ಮ ಮಲಗುವುದಿಲ್ಲ. ಕಾಫಿ ಕಾಯಿಸಿಕೊಂಡು ಬಾಗಿಲಲ್ಲಿ ಕೂರುತ್ತಾಳೆ. ಅವಳ ಮನೆಯ ಲೈಟು ನೋಡಿ ಆಚೆ ಮನೆಯವಳು ಬರುತ್ತಾಳೆ, ಆಮೇಲೆ ಇನ್ನೊಬ್ಬಳು. ಎಲ್ಲರೂ 2018ರಲ್ಲಿ ಮನೆ ಕಳೆದುಕೊಂಡವರೇ. ಮೊನ್ನೆ ರಾತ್ರಿ ಏಳು ಜನ ಇದ್ದರು.

ಮೇಷ್ಟ್ರು: ಏನು ಮಾತಾಡುತ್ತಾರೆ?

ಶಿಷ್ಯೆ: ಅದೇ ಆಶ್ಚರ್ಯ. ಆ ರಾತ್ರಿಯ ಸುದ್ದಿಯೇ ಇಲ್ಲ. ಯಾರ ಮಗಳಿಗೆ ಎಲ್ಲಿ ಗಂಡು ನೋಡಿದರು, ಕರಿಮೆಣಸಿಗೆ ಎಷ್ಟಾಯಿತು, ಕಳಲೆ ಎಷ್ಟು ದಿನ ನೀರಲ್ಲಿ ಹಾಕಬೇಕು. ನಡುವೆ ಒಮ್ಮೊಮ್ಮೆ ಎಲ್ಲರೂ ಸುಮ್ಮನಾಗುತ್ತಾರೆ. ಹೊರಗೆ ಚರಂಡಿಯ ನೀರು ಹರಿಯುವ ಸದ್ದು ಕೇಳುತ್ತಿದೆಯಾ ಅಂತ ನೋಡುತ್ತಾರೆ. ಕೇಳಿದ ಮೇಲೆ ಮತ್ತೆ ಕಳಲೆ.

ಮೇಷ್ಟ್ರು: ಶಿವರಾತ್ರಿಗೆ ಒಂದು ಜಾಗರಣೆ ಮಾಡಿ ಮರುದಿನವಿಡೀ ನಿದ್ದೆ ಹೊಡೆಯುವವನು ನಾನು.

ಶಿಷ್ಯೆ: ಜಾಗರಣೆ ಅಂತ ದೊಡ್ಡದು ಮಾಡಬೇಡಿ ಸರ್. ಅದು ಹೆದರಿಕೆ. ನಿದ್ದೆಯಿಲ್ಲದೆ ಅಮ್ಮನಿಗೆ ಬಿಪಿ ಜಾಸ್ತಿಯಾಗಿದೆ, ಮಾತ್ರೆ ಬೇರೆ ಬದಲಾಯಿಸಿದ್ದಾರೆ.

ಮೇಷ್ಟ್ರು: ತಪ್ಪಾಯಿತು. ನೋಡು, ಮತ್ತೆ ಜಾರಿದೆ.

ಶಿಷ್ಯೆ: ಆದರೆ ಮೊನ್ನೆ ನಾನೂ ಅವರ ಜತೆ ಕೂತಿದ್ದೆ. ಬೆಳಗಿನ ಜಾವ ಒಬ್ಬಳು ಇದ್ದಕ್ಕಿದ್ದಂತೆ, 'ಚೂರಲ್‌ಮಲದಲ್ಲೂ ತೋಡಿನ ಸದ್ದು ನಿಂತಿತ್ತೋ ಏನೋ' ಅಂದಳು. ಯಾರೂ ಏನೂ ಹೇಳಲಿಲ್ಲ. ಅಮ್ಮ ಎದ್ದು ಹೋಗಿ ಇನ್ನೊಂದು ಪಾತ್ರೆ ಕಾಫಿ ಇಟ್ಟಳು. ಬೆಳಿಗ್ಗೆ ಆ ಹೆಂಗಸರೆಲ್ಲ ಸೇರಿ ಅಕ್ಕಿ, ಹೊದಿಕೆ, ಹೊಸ ಒಳಬಟ್ಟೆ ಒಟ್ಟು ಮಾಡಿ ವಯನಾಡಿಗೆ ಹೋಗುವ ಜೀಪಿಗೆ ಹಾಕಿದರು. ಹಳೆ ಬಟ್ಟೆ ಒಂದೂ ಬೇಡ ಅಂತ ಅಮ್ಮ ನಿಂತು ಆರಿಸಿದಳು. ನಮ್ಮ ಕ್ಯಾಂಪಿಗೆ ಯಾರೋ ಹರಿದ ರೇಷ್ಮೆ ಲಂಗ ಕಳಿಸಿದ್ದರು ಸರ್, ನೆನಪಿದೆಯಾ? ಒಂದು ಕೋಣೆ ತುಂಬ ಹಳೆ ಬಟ್ಟೆ ರಾಶಿ, ಒದ್ದೆಯಾಗಿ ನಾರುತ್ತಿತ್ತು. ಬೇಕಾದದ್ದು ಒಳಬಟ್ಟೆ, ಅದು ಮಾತ್ರ ಯಾರಿಗೂ ಹೊಳೆದಿರಲಿಲ್ಲ.

ಮೇಷ್ಟ್ರು: ಭಾನುವಾರ ಇದನ್ನು ಹೇಳಬಹುದಲ್ಲ. ವಯನಾಡಿಗೆ ಏನು ಕಳಿಸಬೇಕು, ಏನು ಕಳಿಸಬಾರದು ಅಂತ.

ಶಿಷ್ಯೆ: ಅವರು ಅಧ್ಯಾತ್ಮ ಕೇಳಿದ್ದಾರೆ.

ಮೇಷ್ಟ್ರು: ಕೇಳಲಿ. ನೀನು ಪಟ್ಟಿ ಓದು. ಹದಿನೈದು ನಿಮಿಷ ಸಾಲದೆ ಬಂದೀತು.

ಶಿಷ್ಯೆ: ಪಾಯಸ ಆರುತ್ತಿದೆ, ಒಂದು ಚಮಚ ಬಾಯಿಗೆ ಹಾಕಿ ಸರ್.

ಮೇಷ್ಟ್ರು: ಹ್ಞಾಂ... ಚೆನ್ನಾಗಿದೆ. ತೆಂಗಿನ ಹಾಲು ಹದವಾಗಿ ಬಿದ್ದಿದೆ. ಮೈಸೂರಿನಲ್ಲಿದ್ದುಕೊಂಡು ಇದನ್ನೆಲ್ಲ ಯಾವಾಗ ಕಲಿತೆ ಮಾರಾಯ್ತಿ?

ಶಿಷ್ಯೆ: ನಾನು ಮಾಡಿದ್ದಲ್ಲ.

ಮೇಷ್ಟ್ರು: ಮತ್ತೆ?

ಶಿಷ್ಯೆ: ಅಮ್ಮ. ನಿನ್ನೆ ಮಳೆ ಸ್ವಲ್ಪ ಬಿಟ್ಟಿದ್ದಾಗ ನನ್ನನ್ನು ಕರೆದುಕೊಂಡು ನಮ್ಮ ಜಾಗಕ್ಕೆ ಹೋದಳು. ಆರು ವರ್ಷದಲ್ಲಿ ಮೊದಲ ಸಲ. ಕೆಂಪು ಮಣ್ಣೇನೂ ಕಾಣುವುದಿಲ್ಲ ಈಗ, ಪೂರ್ತಿ ಕಮ್ಯುನಿಸ್ಟ್ ಗಿಡ ಮುಚ್ಚಿದೆ. ಹಸುವಿನ ಕೊಟ್ಟಿಗೆ ಇದ್ದ ಕಡೆಗೆ ಹೋಗಲಿಲ್ಲ. ಮೇಲಿನ ಅಂಚಿನಲ್ಲೇ ನಿಂತು ಸೊಪ್ಪು ಕೊಯ್ದಳು, ಬಗ್ಗಿ, ಒಂದು ಚೀಲ ಆಗುವಷ್ಟು. ಇವತ್ತು ಸಾಲಿನ ಎಲ್ಲ ಮನೆಗೂ ಹಂಚಿದಳು. ಕೊನೆಗೆ ಈ ಡಬ್ಬಿ ತುಂಬಿ ನನ್ನ ಕೈಗೆ ಕೊಟ್ಟಳು.

ಮೇಷ್ಟ್ರು: ನನಗೆ ಅಂತ?

ಶಿಷ್ಯೆ: 'ಮೇಷ್ಟ್ರಿಗೆ ಕೊಡು' ಅಂದಳು. ಬಾಗಿಲು ದಾಟಿದ ಮೇಲೆ ಮತ್ತೆ ಕರೆದು, 'ಏನೂ ಹೇಳುವುದು ಬೇಡ ಅಂತ ಹೇಳು' ಅಂದಳು.

ಮೇಷ್ಟ್ರು: ...

ಶಿಷ್ಯೆ: ಸರ್?

ಮೇಷ್ಟ್ರು: ಏನಿಲ್ಲ. ಡಬ್ಬಿ ಖಾಲಿ ಕಳಿಸಬಾರದು, ತಾಳು. ಒಳಗೆ ಏನಿದೆ ನೋಡುತ್ತೇನೆ... ಬೆಲ್ಲಕ್ಕೆ ಇರುವೆ ಹತ್ತಿದೆ. ಇದು ಮೆಂತ್ಯ. ಇದೊಂದು ಡಬ್ಬಿಯಲ್ಲಿ ಸಾಸಿವೆ ಇದೆ.

ಶಿಷ್ಯೆ: ಸಾಸಿವೆ ಬೇಡ ಸರ್!

ಮೇಷ್ಟ್ರು: ಅಯ್ಯೋ ದೇವರೇ, ಬೇಡ ಬೇಡ. ಸಕ್ಕರೆ ಹಾಕಲಾ?

ಶಿಷ್ಯೆ: ಸಕ್ಕರೆ ಹಾಕಿ. ಅರ್ಧ ಡಬ್ಬಿ ಸಾಕು, ಮಳೆಗೆ ನೀರು ಬಿಡುತ್ತದೆ.